ಮುಖ ನೋಡದೆ ಹಾಕುವ ಮಣೆ

ಮುಖ ನೋಡಿ ಮಣೆ ಹಾಕುವುದು ಲೋಕದ ರೂಢಿ. ಮನೆಗೆ ಬಂದವರು ನಾಲ್ವರಾಗಿ, ಇರುವ ಮಣೆಗಳು ಎರಡೇ ಆದರೆ, ಯಾರಿಗೆ ಮಣೆ, ಯಾರಿಗೆ ಚಾಪೆ ಎಂಬುದನ್ನು ಮನೆಯ ಯಜಮಾನನು ಕ್ಷಣಮಾತ್ರದಲ್ಲಿ ನಿಶ್ಚಯಿಸಿಬಿಡುತ್ತಾನೆ. ಬಂದವರ ಉಡುಪು, ಮಾತಿನ ಧಾಟಿ, ಇವರು ಯಾರ ಕಡೆಯವರು ಎಂಬ ನೆನಪು, ಇವೆಲ್ಲವೂ ಅವನ ಕಣ್ಣಿನಲ್ಲಿಯೇ ತೂಗಿ ಮುಗಿದಿರುತ್ತವೆ. ಇದನ್ನು ಅನ್ಯಾಯವೆಂದು ನಾವು ಸಾಮಾನ್ಯವಾಗಿ ಹೇಳುವುದಿಲ್ಲ, ವ್ಯವಹಾರಜ್ಞಾನವೆನ್ನುತ್ತೇವೆ. ಚಾಪೆಯ ಮೇಲೆ ಕುಳಿತವನು ಮಾತ್ರ ಅದಕ್ಕೆ ಬೇರೆ ಹೆಸರನ್ನು ಕೊಡುವನು.

ವಿದ್ಯೆಯ ಮನೆಯಲ್ಲಿಯೂ ಮಣೆಗಳು ಕಡಮೆ, ಬರುವವರು ಬಹಳ. ಪ್ರಾಥಮಿಕ ಶಾಲೆಯಲ್ಲಿ ಊರ ಮಕ್ಕಳೆಲ್ಲರಿಗೂ ಎಡೆಯುಂಟು. ಮೇಲುಮೇಲಕ್ಕೆ ಹೋದಂತೆ ಜಾಗವು ಕಿರಿದಾಗುತ್ತದೆ. ಪದವಿಯನ್ನು ಮುಗಿಸಿ ಅದಕ್ಕೂ ಮೇಲಣ ವ್ಯಾಸಂಗಕ್ಕೆ ಹೋಗಬೇಕೆಂಬವರಿಗೆ ಇರುವುದು ಬೆರಳೆಣಿಕೆಯ ಸ್ಥಾನಗಳು. ಅವುಗಳನ್ನು ಯಾರಿಗೆ ಕೊಡಬೇಕು? ಹಿಂದಿನ ಗುರುವಿಗೆ ಶಿಷ್ಯನು ಗುರುತಿನವನಾಗಿದ್ದನು. ಅವನು ಮುಂಜಾನೆ ಎಷ್ಟು ಹೊತ್ತಿಗೆ ಏಳುವನು, ತಿಳಿಯದ್ದನ್ನು ತಿಳಿಯದೆಂದು ಒಪ್ಪಿಕೊಳ್ಳುವನೋ ಇಲ್ಲವೋ, ಎಲ್ಲವನ್ನೂ ಬಲ್ಲವನಾಗಿದ್ದನು. ಆದರೆ ಆ ಗುರುವಿನ ಬಾಗಿಲಿಗೆ ಹೋಗಿ ನಿಲ್ಲುವ ಭಾಗ್ಯವು ಎಷ್ಟು ಮನೆಗಳ ಮಕ್ಕಳಿಗೆ ಇತ್ತೆಂಬ ಪ್ರಶ್ನೆಯನ್ನು ನಾವು ಮರೆಯಲಾಗದು.

ಮುಖವನ್ನು ನೋಡದೆ ಮಣೆ ಹಾಕುವ ಪ್ರಯತ್ನವು ಹೊಸದಲ್ಲ. ಚೀನಾ ದೇಶದಲ್ಲಿ ಸೋಂಗ್ ವಂಶದ ಅರಸರ ಕಾಲದಲ್ಲಿ, ಎಂದರೆ ಸುಮಾರು ಸಾವಿರ ವರ್ಷಗಳ ಹಿಂದೆ, ರಾಜ್ಯದ ಅಧಿಕಾರಿಗಳನ್ನು ಆರಿಸುವ ಪರೀಕ್ಷೆಯಲ್ಲಿ ಉತ್ತರಪತ್ರಿಕೆಯ ಮೇಲಣ ಹೆಸರನ್ನು ಮುಚ್ಚಿಬಿಡುತ್ತಿದ್ದರು. ಅಷ್ಟೂ ಸಾಲದೆಂದು, ಪರೀಕ್ಷಕನು ಕೈಬರಹವನ್ನು ಕಂಡು ಇದು ಇಂಥವನದೆಂದು ಊಹಿಸಬಾರದೆಂಬ ಕಾರಣದಿಂದ ಪತ್ರಿಕೆಗಳನ್ನೆಲ್ಲ ಗುಮಾಸ್ತರಿಂದ ಬೇರೆಯಾಗಿ ನಕಲು ಮಾಡಿಸುತ್ತಿದ್ದರು. ಆ ಪರೀಕ್ಷಾಪದ್ಧತಿಯು ೧೯೦೫ರಲ್ಲಿ ಕೊನೆಗೊಂಡಿತು. ಅದರ ಹಿಂದಿದ್ದ ವಿಚಾರವು ಮಾತ್ರ ಉಳಿಯಿತು. ಅಮೆರಿಕಾ ದೇಶದಲ್ಲಿ ೧೯೩೭ರಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್ಟನ್, ಕೊಲಂಬಿಯಾ ಎಂಬ ನಾಲ್ಕು ವಿಶ್ವವಿದ್ಯಾಲಯಗಳು ಕಾರ್ನೆಗಿ ಪ್ರತಿಷ್ಠಾನದ ಜೊತೆಗೂಡಿ, ಪದವಿಯ ಮೇಲಣ ವ್ಯಾಸಂಗಕ್ಕೆ ಬರುವವರಿಗಾಗಿ ಒಂದೇ ಬಗೆಯ ಪರೀಕ್ಷೆಯನ್ನು ನಡೆಯಿಸಿ ನೋಡಿದುವು. ಇಂದು ನಮ್ಮ ಊರುಗಳ ತರುಣರೂ ಜಿ.ಆರ್.ಇ. ಎಂದು ಕರೆಯತಕ್ಕ ಪರೀಕ್ಷೆಯ ಹುಟ್ಟು ಅದೇ.

ನಮ್ಮ ದೇಶದಲ್ಲಿ ಈ ಕೆಲಸವನ್ನು ಮಾಡುವುದು ಗೇಟ್ ಪರೀಕ್ಷೆ. ಅದರ ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ಹೆಬ್ಬಾಗಿಲೆಂಬ ಅರ್ಥ ಬರುವುದು ಕಾಕತಾಳೀಯವಿರಲಾರದು. ೧೯೮೦ರ ದಶಕದಲ್ಲಿ ಮೊದಲಾದ ಈ ಪರೀಕ್ಷೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ, ಮುಂಬಯಿ, ದೆಹಲಿ, ಗುವಾಹಾಟಿ, ಕಾನ್ಪುರ, ಖರಗ್‌ಪುರ, ಮದರಾಸು, ರೂರ್ಕಿ ಈ ಏಳು ಐ.ಐ.ಟಿ.ಗಳೂ ಸರದಿಯ ಮೇಲೆ ನಡೆಯಿಸುತ್ತವೆ. ೨೦೨೪ರಲ್ಲಿ ಆ ಸರದಿ ನಮ್ಮ ಬೆಂಗಳೂರಿನ ಸಂಸ್ಥೆಗೆ ಬಂದಿದ್ದಿತು, ೨೦೨೫ರಲ್ಲಿ ರೂರ್ಕಿಗೆ. ಒಟ್ಟು ಮೂವತ್ತು ವಿಷಯಗಳಲ್ಲಿ ಪ್ರಶ್ನಪತ್ರಿಕೆಗಳುಂಟು. ಪ್ರತಿವರ್ಷ ಚಳಿ ಇಳಿಯುವ ಫೆಬ್ರವರಿ ತಿಂಗಳಲ್ಲಿ ಲಕ್ಷಗಟ್ಟಲೆ ತರುಣತರುಣಿಯರು ಗಣಕಯಂತ್ರದ ಮುಂದೆ ಮೂರು ಗಂಟೆಗಳ ಕಾಲ ಕುಳಿತು ಬರುವರು. ವಯಸ್ಸಿನ ಮಿತಿಯಿಲ್ಲ; ಎಷ್ಟು ಸಲ ಬೇಕಾದರೂ ಕುಳಿತುಕೊಳ್ಳಬಹುದು.

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಗಣಿತವನ್ನು ಕಲಿಸಿ ನಿವೃತ್ತನಾಗಿರುವ ನನಗೆ ಈ ಪರೀಕ್ಷೆಯ ಪರಿಚಯವನ್ನು ಮಾಡಿಸಿದವಳು ನನ್ನ ಸೋದರಸೊಸೆ. ಅವಳ ತಂದೆ, ಎಂದರೆ ನನ್ನ ತಂಗಿಯ ಗಂಡ, ನಮ್ಮ ಮಲೆನಾಡಿನ ಪೇಟೆಯಲ್ಲಿ ಹಿಟ್ಟಿನ ಗಿರಣಿಯನ್ನು ನಡೆಯಿಸುತ್ತಾನೆ. ಹುಡುಗಿಯು ಸಿವಿಲ್ ಇಂಜಿನಿಯರಿಂಗಿನಲ್ಲಿ ಬಿ.ಇ. ಮುಗಿಸಿದಳು. ೨೦೧೮ರ ಮಳೆಗಾಲದಲ್ಲಿ ಕೊಡಗಿನ ಗುಡ್ಡಗಳು ಕುಸಿದು ಮನೆಗಳ ಮೇಲೆ ಬಿದ್ದ ಸುದ್ದಿಯನ್ನು ಓದಿದಂದಿನಿಂದ ಅವಳಿಗೆ ಮಣ್ಣಿನ ಬಲವನ್ನು ಕುರಿತ ಶಾಸ್ತ್ರದಲ್ಲಿ ಮನಸ್ಸು ನೆಟ್ಟಿತ್ತು. ನಮ್ಮ ಮನೆಗಳ ಹಿಂದೆಯೂ ಗುಡ್ಡಗಳಿವೆ. ಆ ಶಾಸ್ತ್ರವನ್ನು ಇನ್ನೂ ಎರಡು ವರ್ಷ ಓದಬೇಕೆಂಬುದು ಅವಳ ಹಂಬಲ. ಗಿರಣಿಯ ಯಂತ್ರವನ್ನು ಬದಲಾಯಿಸಲು ಮಾಡಿದ ಸಾಲವು ಇನ್ನೂ ತೀರದಿದ್ದ ಮನೆಯಲ್ಲಿ, ಆ ಎರಡು ವರ್ಷಗಳು ದೊಡ್ಡ ಮಾತು. ಗೇಟಿನಲ್ಲಿ ಅರ್ಹತೆ ಪಡೆದು ಎಂ.ಟೆಕ್. ವ್ಯಾಸಂಗಕ್ಕೆ ಸೇರಿದವರಿಗೆ ಆಗ ತಿಂಗಳಿಗೆ ೧೨,೪೦೦ ರೂಪಾಯಿಗಳ ವಿದ್ಯಾರ್ಥಿವೇತನವಿದ್ದಿತು. ಅದು ದೊರೆತರೆ ಓದು. ದೊರೆಯದಿದ್ದರೆ ಬೆಂಗಳೂರಿನಲ್ಲಿ ಯಾವುದಾದರೊಂದು ಕೆಲಸ, ಇಲ್ಲವೆ ಮದುವೆಯ ಮಾತು. ಇಷ್ಟೂ ಆ ಮೂರು ಗಂಟೆಗಳ ಮೇಲೆ ನಿಂತಿತ್ತು.

ಅವಳು ಪರೀಕ್ಷೆಗೆ ಹೆಸರು ಕೊಟ್ಟ ದಿನ ತಂದೆಯು ನನ್ನ ಮನೆಗೆ ಬಂದು ಜಗಲಿಯ ಮೇಲೆ ಕುಳಿತು ಕೇಳಿದ ಮೊದಲ ಪ್ರಶ್ನೆ ಇದು: “ಭಾವ, ಇದಕ್ಕೆ ಯಾರನ್ನು ಕಾಣಬೇಕು?”

ನಾನು “ಯಾರನ್ನೂ ಕಾಣಬೇಕಾಗಿಲ್ಲ” ಎಂದೆನು.

ಅವನು ನಂಬಲಿಲ್ಲ. ಗಿರಣಿಗೆ ವಿದ್ಯುತ್ತನ್ನು ಹಾಕಿಸುವುದಕ್ಕೆ ಒಬ್ಬರನ್ನು ಕಂಡಿದ್ದನು, ಸಾಲಕ್ಕೆ ಇನ್ನೊಬ್ಬರನ್ನು, ಮಗಳ ಹಾಸ್ಟೆಲಿನ ಕೋಣೆಗೆ ಮತ್ತೊಬ್ಬರನ್ನು. ಅವನ ಐವತ್ತೈದು ವರ್ಷಗಳ ಜೀವಮಾನದಲ್ಲಿ ಯಾರನ್ನೂ ಕಾಣದೆ ದೊರೆತ ವಸ್ತುವೆಂದರೆ ಮಳೆಯೊಂದೇ. “ಕಾಣದೆ ಹೇಗೆ ಆದೀತು, ಭಾವ? ನಮ್ಮ ಹುಡುಗಿ ಇಂಥವಳೆಂದು ಅವರಿಗೆ ತಿಳಿಯಬೇಡವೆ?” ಎಂದು ಮತ್ತೆ ಕೇಳಿದನು. ಆ ಮಾತಿನಲ್ಲಿ ಈ ಪರೀಕ್ಷೆಯ ಗುಣವೂ ಇದೆ, ಕೊರತೆಯೂ ಇದೆ. ಅವಳು ಇಂಥವಳೆಂಬುದು ಅವರಿಗೆ ತಿಳಿಯುವುದಿಲ್ಲ. ತಿಳಿಯಬಾರದೆಂದೇ ಅದನ್ನು ಕಟ್ಟಿದ್ದಾರೆ.

ಪ್ರಶ್ನಪತ್ರಿಕೆಯ ರೂಪವನ್ನು ಸ್ವಲ್ಪ ವಿವರವಾಗಿ ಹೇಳುವುದು ವಾಚಕರಿಗೆ ಬೇಸರವಾಗದೆಂದು ನಂಬುತ್ತೇನೆ. ಮನೆಯಲ್ಲಿ ಮಕ್ಕಳಿರುವವರಿಗೆ ಇಂದಲ್ಲ ನಾಳೆ ಬೇಕಾದೀತು. ಪ್ರಶ್ನೆಗಳು ೬೫, ಅಂಕಗಳು ೧೦೦, ಕಾಲ ೧೮೦ ನಿಮಿಷ. ಮೊದಲ ಹತ್ತು ಪ್ರಶ್ನೆಗಳು ಎಲ್ಲ ವಿಷಯದವರಿಗೂ ಇರತಕ್ಕ ಸಾಮಾನ್ಯ ಬುದ್ಧಿಯ ಪ್ರಶ್ನೆಗಳು: ಭಾಷೆ, ಲೆಕ್ಕ, ತರ್ಕ. ಅವಕ್ಕೆ ೧೫ ಅಂಕ. ಉಳಿದ ೮೫ ಅಂಕಗಳು ಆಯಾ ಶಾಸ್ತ್ರಕ್ಕೆ. ಇಂಜಿನಿಯರಿಂಗಿನ ಬಹುಪಾಲು ಪತ್ರಿಕೆಗಳಲ್ಲಿ ಇವುಗಳ ಪೈಕಿ ೧೩ ಗಣಿತಕ್ಕೆ ಮೀಸಲು.

ಪ್ರಶ್ನೆಗಳಲ್ಲಿ ಮೂರು ಜಾತಿ. ಮೊದಲನೆಯದರಲ್ಲಿ ನಾಲ್ಕು ಉತ್ತರಗಳನ್ನು ಕೊಟ್ಟು ಒಂದನ್ನು ಆರಿಸಿರೆನ್ನುವರು. ಎರಡನೆಯದು ೨೦೨೧ರಿಂದ ಬಂದುದು. ಅದರಲ್ಲಿ ನಾಲ್ಕರಲ್ಲಿ ಸರಿಯಾದುವು ಒಂದಿರಬಹುದು, ನಾಲ್ಕೂ ಇರಬಹುದು. ಸರಿಯಾದುದೆಲ್ಲವನ್ನೂ ಗುರುತಿಸಿ ತಪ್ಪಾದುದೊಂದನ್ನೂ ಮುಟ್ಟದಿದ್ದರೆ ಮಾತ್ರ ಅಂಕ. ಮೂರನೆಯದರಲ್ಲಿ ಲೆಕ್ಕವನ್ನು ಮಾಡಿ ಬಂದ ಸಂಖ್ಯೆಯನ್ನು ತೆರೆಯ ಮೇಲಣ ಅಂಕೆಗಳನ್ನು ಒತ್ತಿ ತುಂಬಬೇಕು. ಲೆಕ್ಕ ಮಾಡುವ ಯಂತ್ರವೂ ಆ ತೆರೆಯ ಮೇಲೆಯೇ ಮೂಡಿಬರುತ್ತದೆ. ಕೈಯಲ್ಲಿ ಹಿಡಿದುಕೊಂಡು ಹೋಗುವಂತಿಲ್ಲ.

ಉಪಾಧ್ಯಾಯನಾದವನಿಗೆ ಇಲ್ಲಿ ಒಂದು ನೋವುಂಟು. ನಾವು ಉತ್ತರಪತ್ರಿಕೆಯನ್ನು ತಿದ್ದುವಾಗ, ಹುಡುಗನು ಹಾದಿಯನ್ನು ಸರಿಯಾಗಿ ಹಿಡಿದು ಕೊನೆಯ ಹೆಜ್ಜೆಯಲ್ಲಿ ಎಡವಿದ್ದರೆ, ಐದಕ್ಕೆ ನಾಲ್ಕನ್ನಾದರೂ ಕೊಟ್ಟು ಕಳುಹಿಸುತ್ತೇವೆ. ಈ ಯಂತ್ರವು ಹಾದಿಯನ್ನು ನೋಡುವುದಿಲ್ಲ. ಊರನ್ನು ಮುಟ್ಟಿದೆಯಾ ಎಂದಷ್ಟೇ ಕೇಳುತ್ತದೆ. ಆದರೆ ಲಕ್ಷಗಟ್ಟಲೆ ಹಾದಿಗಳನ್ನು ನೋಡಲು ಸಾವಿರಾರು ಪರೀಕ್ಷಕರು ಬೇಕು; ಅವರಲ್ಲಿ ಒಬ್ಬನು ಉದಾರಿ, ಒಬ್ಬನು ಜಿಪುಣ; ಒಬ್ಬನು ಊಟಕ್ಕೆ ಮೊದಲು ತಿದ್ದುವವನು, ಇನ್ನೊಬ್ಬನು ಊಟವಾದ ಮೇಲೆ. ಒಂದೇ ಕೈಯಿಂದ ಎಲ್ಲರನ್ನೂ ಅಳೆಯಬೇಕೆಂದು ಹೊರಟಾಗ, ಆ ಕೈಯು ಒರಟಾಗಿರುವುದನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಇಷ್ಟಾದರೂ ಆ ಕೈಯನ್ನು ಪ್ರಶ್ನಿಸುವ ಅವಕಾಶವಿದೆ. ಪರೀಕ್ಷೆಯಾದ ಮೇಲೆ ಉತ್ತರಗಳ ಪಟ್ಟಿಯನ್ನು ಪ್ರಕಟಿಸುವರು. ತಪ್ಪಿದೆಯೆಂದು ತೋರಿದರೆ ಶುಲ್ಕವನ್ನು ಕಟ್ಟಿ, ಕಾರಣವನ್ನು ಬರೆದು ಆಕ್ಷೇಪಿಸಬಹುದು. ನಾನು ಓದಿದ ಕಾಲದಲ್ಲಿ ಪರೀಕ್ಷಕನಿಗೆ ಹಾಗೆ ಎದುರು ನುಡಿಯುವ ಕಲ್ಪನೆಯೇ ಇರಲಿಲ್ಲ.

ಇನ್ನು ಋಣಾಂಕದ ವಿಷಯ. ನಾಲ್ಕರಲ್ಲಿ ಒಂದನ್ನು ಆರಿಸುವ ಪ್ರಶ್ನೆಗೆ ತಪ್ಪು ಉತ್ತರವನ್ನು ಕೊಟ್ಟರೆ, ಒಂದಂಕದ ಪ್ರಶ್ನೆಯಲ್ಲಿ ಮೂರರಲ್ಲೊಂದು ಪಾಲನ್ನೂ, ಎರಡಂಕದ ಪ್ರಶ್ನೆಯಲ್ಲಿ ಮೂರರಲ್ಲೆರಡು ಪಾಲನ್ನೂ ಕಳೆಯುವರು. ಇದನ್ನು ದಂಡವೆಂದು ಹುಡುಗರು ಶಪಿಸುವುದುಂಟು. ಲೆಕ್ಕ ಹಾಕಿ ನೋಡಿರಿ. ಏನನ್ನೂ ತಿಳಿಯದವನೊಬ್ಬನು ಒಂದಂಕದ ನೂರು ಪ್ರಶ್ನೆಗಳಿಗೆ ಕಣ್ಣು ಮುಚ್ಚಿ ಉತ್ತರಿಸಿದರೆ, ಸರಾಸರಿಯ ಮೇಲೆ ೨೫ ಸರಿಯಾಗಿ ೨೫ ಅಂಕ ಬರುತ್ತದೆ, ತಪ್ಪಾದ ೭೫ಕ್ಕೆ ಮೂರರಲ್ಲೊಂದರಂತೆ ೨೫ ಹೋಗುತ್ತದೆ, ಉಳಿಯುವುದು ಶೂನ್ಯ. ಎಂದರೆ ಅಜ್ಞಾನಕ್ಕೆ ದಂಡವೂ ಇಲ್ಲ, ಬಹುಮಾನವೂ ಇಲ್ಲ. ನಾಲ್ಕರಲ್ಲಿ ಒಂದು ನಿಶ್ಚಯವಾಗಿ ತಪ್ಪೆಂದು ಬಲ್ಲವನು ಉಳಿದ ಮೂರರಲ್ಲಿ ಊಹಿಸಿದರೆ, ಅಂಥ ತೊಂಬತ್ತು ಪ್ರಶ್ನೆಗಳಲ್ಲಿ ಮೂವತ್ತು ಸರಿ, ಅರವತ್ತು ತಪ್ಪು; ಮೂವತ್ತರಿಂದ ಇಪ್ಪತ್ತು ಕಳೆದು ಹತ್ತು ಉಳಿಯುವುದು. ಅರೆ ತಿಳಿವಿಗೆ ಅರೆ ಕೂಲಿ. ಇದಕ್ಕಿಂತ ನ್ಯಾಯವಾದ ವ್ಯವಸ್ಥೆಯು ನಮ್ಮ ಸಂತೆಯಲ್ಲಿಯೂ ಇಲ್ಲ.

ನನ್ನ ಸೊಸೆಗೆ ಈ ಲೆಕ್ಕವನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದೆಂಬುದು ಚಿಕ್ಕಂದಿನಿಂದ ಅವಳು ಕಲಿತ ಪಾಠ. ಮೊದಲ ಸಲ ಅವಳು ಒಂದನ್ನೂ ಬಿಡಲಿಲ್ಲ. ಫಲಿತಾಂಶ ಬಂದಾಗ ಅರ್ಹತೆಯ ಗೆರೆಗಿಂತ ಒಂದೂವರೆ ಅಂಕ ಕೆಳಗಿದ್ದಳು.

ಆ ಸಂಜೆ ಅವಳು ನನ್ನ ಬಳಿಗೆ ಬಂದಳು. ಅಳಲಿಲ್ಲ. “ಮಾವ, ನನ್ನ ಬೆಲೆ ಎಷ್ಟೆಂಬುದು ತಿಳಿಯಿತು” ಎಂದಳು. ಮನೆಯಲ್ಲಿ ತಂದೆಯು “ಫೇಲಾದಳು” ಎಂದಿದ್ದನು. ಅವನಲ್ಲಿ ಕೋಪವಿರಲಿಲ್ಲ, ದಣಿವಿದ್ದಿತು. ಕೋಪಕ್ಕಿಂತ ಅದು ಮಕ್ಕಳನ್ನು ಹೆಚ್ಚಾಗಿ ನೋಯಿಸುತ್ತದೆ. ಸಮಾಧಾನದ ಮಾತುಗಳನ್ನು ಹೇಳುವುದಕ್ಕೆ ಬದಲಾಗಿ ನಾನು ಒಂದು ಹಾಳೆಯನ್ನೂ ಪೆನ್ಸಿಲ್ಲನ್ನೂ ತೆಗೆದುಕೊಂಡು ಆ ಗೆರೆಯು ಏನೆಂಬುದನ್ನು ಅವಳಿಗೆ ಬಿಡಿಸಿ ತೋರಿಸಿದೆನು.

ಆಗ ನಮ್ಮ ಶಾಲೆಗಳಲ್ಲಿ ಮೂವತ್ತೈದು ಬಂದರೆ ಪಾಸಾಗುತ್ತಿತ್ತು. ಊರಿಗೆ ಊರೇ ಪಾಸಾಗಬಹುದು, ಊರಿಗೆ ಊರೇ ಫೇಲಾಗಲೂಬಹುದು. ಆ ಗೆರೆಯನ್ನು ಪರೀಕ್ಷೆಗೆ ಮೊದಲೇ ಎಳೆದಿರುತ್ತಾರೆ. ಗೇಟಿನ ಗೆರೆಯನ್ನು ಪರೀಕ್ಷೆಯಾದ ಮೇಲೆ ಎಳೆಯುವರು. ಕುಳಿತವರೆಲ್ಲರ ಅಂಕಗಳ ಸರಾಸರಿಯನ್ನು ತೆಗೆದು, ಆ ಸರಾಸರಿಯ ಎಡಬಲಕ್ಕೆ ಅಂಕಗಳು ಎಷ್ಟು ಹರಡಿಕೊಂಡಿವೆಯೆಂಬ ಹರವನ್ನು ಗಣಿತದಿಂದ ಕಂಡುಹಿಡಿದು, ಎರಡನ್ನೂ ಕೂಡುತ್ತಾರೆ. ಆ ಮೊತ್ತವೇ ಗೆರೆ. ಅದು ೨೫ಕ್ಕಿಂತ ಕಡಮೆಯಾದರೆ ೨೫. ಅಂಕಗಳ ಹಂಚಿಕೆಯು ಗಂಟೆಯ ಆಕಾರದ್ದಾಗಿದ್ದರೆ, ಸರಾಸರಿಗಿಂತ ಒಂದು ಹರವಿನಷ್ಟು ಮೇಲಿರುವವರು ನೂರಕ್ಕೆ ಸುಮಾರು ಹದಿನಾರು ಮಂದಿ. ಎಂದರೆ ಪತ್ರಿಕೆಯು ಸುಲಭವಿರಲಿ, ಕಠಿಣವಿರಲಿ, ಈ ಜರಡಿಯು ಹೆಚ್ಚುಕಡಮೆ ಆರು ಮಂದಿಗೆ ಒಬ್ಬನನ್ನು ಮೇಲೆ ಉಳಿಸಿಕೊಳ್ಳುವಂತೆ ಹೆಣೆದ ಜರಡಿ. ಉಳಿದ ಐವರಿಗೆ ವಿದ್ಯೆಯಿಲ್ಲವೆಂದು ಅದು ಹೇಳುವುದಿಲ್ಲ. ಆ ದಿನ ಆ ಗುಂಪಿನಲ್ಲಿ ನೀನು ನಿಂತ ಜಾಗ ಇದು ಎಂದು ಮಾತ್ರ ಹೇಳುತ್ತದೆ. “ನಿನ್ನ ಬೆಲೆಯನ್ನು ಅದು ಹೇಳಿಲ್ಲ, ತಾಯಿ, ನಿನ್ನ ಜಾಗವನ್ನು ಹೇಳಿದೆ. ಜಾಗವನ್ನು ಬದಲಾಯಿಸಬಹುದು” ಎಂದೆನು.

ಆಮೇಲೆ ಸ್ಕೋರಿನ ಮಾತು ಬಂದಿತು. ನೂರಕ್ಕೆ ಬಂದ ಅಂಕ ಬೇರೆ, ಸಾವಿರದ ಅಳತೆಯಲ್ಲಿ ಕೊಡುವ ಸ್ಕೋರು ಬೇರೆ. ಸಾಮಾನ್ಯ ವರ್ಗದ ಗೆರೆಯ ಮೇಲೆ ಸರಿಯಾಗಿ ನಿಂತವನಿಗೆ ೩೫೦ ಎಂದಿಟ್ಟಿದ್ದಾರೆ. ಆ ವಿಷಯದಲ್ಲಿ ಅತ್ಯಂತ ಮೇಲಿರುವ ಸಾವಿರಕ್ಕೊಬ್ಬರು, ಅಥವಾ ಆ ಲೆಕ್ಕವು ಹತ್ತಕ್ಕಿಂತ ಕಡಮೆಯಾದರೆ ಮೊದಲ ಹತ್ತು ಮಂದಿ, ಅವರ ಅಂಕಗಳ ಸರಾಸರಿಗೆ ೯೦೦. ಈ ಎರಡು ಗೂಟಗಳ ನಡುವೆ ಹಗ್ಗವನ್ನು ಕಟ್ಟಿ ಉಳಿದವರನ್ನು ಅಳೆಯುವರು. ಒಂದು ವರ್ಷ ಗೆರೆಯು ೩೦, ಮೇಲಿನವರ ಸರಾಸರಿ ೮೦ ಎಂದು ಇಟ್ಟುಕೊಳ್ಳೋಣ. ೪೫ ಅಂಕ ಪಡೆದವನು ಗೆರೆಯಿಂದ ೧೫ ಮೇಲಿದ್ದಾನೆ. ಗೂಟಗಳ ಅಂತರ ೫೦. ೫೫೦ರಲ್ಲಿ ಅಷ್ಟು ಪಾಲು ೧೬೫. ಅದನ್ನು ೩೫೦ಕ್ಕೆ ಕೂಡಿದರೆ ಅವನ ಸ್ಕೋರು ೫೧೫. ಮರುವರ್ಷ ಪತ್ರಿಕೆಯು ಬಹಳ ಕಠಿಣವಾಗಿ ಗೆರೆಯು ೨೫ಕ್ಕೂ ಮೇಲಿನವರ ಸರಾಸರಿಯು ೬೦ಕ್ಕೂ ಇಳಿಯಿತೆನ್ನಿ. ಆಗ ಮೂವತ್ತೈದೂವರೆ ಅಂಕ ಪಡೆದವನಿಗೂ ಅದೇ ೫೧೫ ಬರುತ್ತದೆ. ಮಳೆ ಚೆನ್ನಾದ ವರ್ಷದ ಬೆಳೆಯನ್ನೂ ಬರಗಾಲದ ಬೆಳೆಯನ್ನೂ ಒಂದೇ ಮಾತಿನಲ್ಲಿ ಹೋಲಿಸಲು ಮಾಡಿದ ಉಪಾಯವಿದು.

ಕುಳಿತುಕೊಳ್ಳುವವರು ಅತಿಯಾದ ವಿಷಯಗಳಲ್ಲಿ ಪರೀಕ್ಷೆಯನ್ನು ಎರಡು ಹೊತ್ತಿನಲ್ಲಿ, ಬೇರೆ ಬೇರೆ ಪ್ರಶ್ನಪತ್ರಿಕೆಗಳಿಂದ ನಡೆಯಿಸುವುದುಂಟು. ಬೆಳಗಿನ ಪತ್ರಿಕೆ ಸುಲಭವಾಗಿ ಮಧ್ಯಾಹ್ನದ್ದು ಕಷ್ಟವಾದರೆ ಗತಿಯೇನು? ಹಿಂದೆ ನಮ್ಮ ಸೀಮೆಯಲ್ಲಿ ಒಂದೂರಿನ ಕೊಳಗವು ಇನ್ನೊಂದೂರಿನ ಕೊಳಗಕ್ಕೆ ಸಮನಾಗಿರುತ್ತಿರಲಿಲ್ಲ. ಬಲ್ಲ ವ್ಯಾಪಾರಿಯು ಎರಡು ಊರಿನ ಕೊಳಗಗಳನ್ನೂ ಒಂದೇ ಸೇರಿನಿಂದ ಅಳೆದು ನೋಡಿಕೊಂಡು ಬೆಲೆಯನ್ನು ಹೇಳುತ್ತಿದ್ದನು. ಇಲ್ಲಿಯೂ ಹಾಗೆಯೇ, ಆಯಾ ಹೊತ್ತಿನ ಗೆರೆಯನ್ನೂ ಆಯಾ ಹೊತ್ತಿನ ಶ್ರೇಷ್ಠರ ಸರಾಸರಿಯನ್ನೂ ತೆಗೆದುಕೊಂಡು, ಎಲ್ಲ ಹೊತ್ತಿಗೂ ಸೇರಿದ ಗೆರೆಗೆ ಅವನ್ನು ಹೊಂದಿಸುವರು. ಈ ಲೆಕ್ಕವೆಲ್ಲವನ್ನೂ ಮರೆಮಾಡದೆ ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಿದ್ದಾರೆ. ಗಿರಣಿಯ ಯಜಮಾನನ ಮಗಳು ತನ್ನ ಸ್ಕೋರು ಹೇಗೆ ಬಂದಿತೆಂದು ಪೆನ್ಸಿಲ್ಲಿನಿಂದ ಮಾಡಿ ನೋಡಿಕೊಳ್ಳಬಹುದಾದುದು ಸಣ್ಣ ವಿಷಯವಲ್ಲ.

ಹಾಗಾದರೆ ಈ ಮಣೆಯು ಎಲ್ಲರಿಗೂ ಒಂದೇ ಎತ್ತರದಲ್ಲಿದೆಯೆ? ಮುಖವನ್ನು ನೋಡದಿದ್ದರೂ ಮಣೆಯವರೆಗಿನ ದಾರಿಯು ಎಲ್ಲರಿಗೂ ಸಮವಲ್ಲ. ಪಟ್ಟಣದಲ್ಲಿ ಈ ಪರೀಕ್ಷೆಗೆಂದೇ ಪಾಠ ಹೇಳುವ ಮನೆಗಳಿವೆ. ಹಣವುಳ್ಳವರು ಅಲ್ಲಿ ವರ್ಷಗಟ್ಟಲೆ ತರಬೇತಾಗುವರು. ಎಷ್ಟು ಸಲವಾದರೂ ಕುಳಿತುಕೊಳ್ಳಬಹುದೆಂಬ ಔದಾರ್ಯವು, ಕೂತು ಉಣ್ಣಲು ಅನುಕೂಲವುಳ್ಳವರಿಗೆ ಹೆಚ್ಚು ಉಪಯೋಗ. ಈ ದಾರಿಯ ಏರುಪೇರನ್ನು ವ್ಯವಸ್ಥಾಪಕರೂ ಬಲ್ಲರು. ಆದಕಾರಣವೇ ಹಿಂದುಳಿದ ವರ್ಗಗಳವರಿಗೂ ಆರ್ಥಿಕವಾಗಿ ದುರ್ಬಲರಾದವರಿಗೂ ಗೆರೆಯನ್ನು ಸಾಮಾನ್ಯ ಗೆರೆಯ ಶೇಕಡಾ ೯೦ಕ್ಕೆ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಅಂಗವೈಕಲ್ಯವುಳ್ಳವರಿಗೆ ಮೂರರಲ್ಲೆರಡು ಪಾಲಿಗೆ ಇಳಿಸಿದ್ದಾರೆ. ಇದನ್ನು ಕುರಿತು ಗೊಣಗುವವರು ನಮ್ಮ ಜಗಲಿಗಳ ಮೇಲೆಯೂ ಇದ್ದಾರೆ. ಓಟವು ಎಲ್ಲಿಂದ ಮೊದಲಾಯಿತೆಂಬುದನ್ನು ಕೇಳದೆ, ಯಾರು ಮೊದಲು ಮುಟ್ಟಿದರೆಂದು ಮಾತ್ರ ಕೇಳುವುದು ನನಗೆ ಅರ್ಧ ಲೆಕ್ಕವಾಗಿ ತೋರುತ್ತದೆ.

ಇನ್ನೊಂದು ಕೊರತೆ ಇದಕ್ಕಿಂತ ಆಳವಾದುದು. ನಮ್ಮ ಪೇಟೆಯಲ್ಲಿ ಒಬ್ಬ ತರುಣನಿದ್ದಾನೆ. ನನ್ನ ಹಳೆಯ ವಿದ್ಯಾರ್ಥಿ. ಯಂತ್ರಶಾಸ್ತ್ರದಲ್ಲಿ ಪದವಿ ಪಡೆದವನು. ಎರಡು ಸಲ ಗೇಟಿಗೆ ಕುಳಿತು ಎರಡು ಸಲವೂ ಗೆರೆಯ ಕೆಳಗೇ ಉಳಿದನು. ಇಂದು ಸುತ್ತಲಿನ ಹತ್ತು ಹಳ್ಳಿಗಳ ಅಡಕೆ ಸುಲಿಯುವ ಯಂತ್ರಗಳು ಕೆಟ್ಟರೆ ಕರೆ ಹೋಗುವುದು ಅವನಿಗೇ. ಯಂತ್ರದ ಸದ್ದನ್ನು ಬಾಗಿಲಲ್ಲಿ ನಿಂತು ಕೇಳಿಯೇ ಯಾವ ಹಲ್ಲು ಸವೆದಿದೆಯೆಂದು ಹೇಳುತ್ತಾನೆ. ಹಸಿ ಕಾಯಿಗೆ ಬ್ಲೇಡು ಸಿಕ್ಕಿಹಾಕಿಕೊಳ್ಳದಂತೆ ತಾನೇ ಒಂದು ತಿದ್ದುಪಡಿಯನ್ನು ಮಾಡಿದ್ದಾನೆ. ಆ ಕಿವಿಗೆ ೬೫ ಪ್ರಶ್ನೆಗಳಲ್ಲಿ ಒಂದೂ ಇಲ್ಲ. ತಾಳ್ಮೆಗೆ, ಜೊತೆಯವರೊಡನೆ ಹೊಂದಿಕೊಂಡು ದುಡಿಯುವ ಗುಣಕ್ಕೆ, ಕೈಗೂಡದ ಪ್ರಯೋಗವನ್ನು ಹತ್ತನೆಯ ಸಲ ಮಾಡುವ ಹಟಕ್ಕೆ ಅಂಕವಿಲ್ಲ. ಸಂಶೋಧನೆಯ ಪದವಿಗಳಿಗೆ ಆರಿಸುವಾಗ ಈ ಸ್ಕೋರನ್ನು ಕರೆಯೋಲೆಗೆ ಮಾತ್ರ ಉಪಯೋಗಿಸಿ, ಆಮೇಲೆ ಎದುರಿಗೆ ಕುಳ್ಳಿರಿಸಿಕೊಂಡು ಸಂದರ್ಶನ ಮಾಡುವ ರೂಢಿಯು ಇದಕ್ಕಾಗಿಯೇ ಬಂದಿದೆ. ಆದರೆ ಕರೆಯೋಲೆ ಬಾರದವನ ಕಿವಿಯನ್ನು ಪರೀಕ್ಷಿಸುವವರು ಯಾರು?

ಈ ಸಂದೇಹವು ಅಮೆರಿಕಾ ದೇಶದಲ್ಲಿಯೂ ಎದ್ದಿದೆ. ೨೦೦೧ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯು, ಹಿಂದಿನ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, ಜಿ.ಆರ್.ಇ. ಅಂಕಕ್ಕೂ ಮುಂದಣ ವ್ಯಾಸಂಗದ ಅಂಕಗಳಿಗೂ ಸಂಬಂಧವುಂಟೆಂದು ಕಂಡಿತು. ೨೦೧೭ರಲ್ಲಿ ಜೀವವೈದ್ಯ ಸಂಶೋಧನೆಯ ವಿದ್ಯಾರ್ಥಿಗಳನ್ನು ಕುರಿತು ಬಂದ ಅಧ್ಯಯನಗಳಾದರೋ, ಯಾರು ಹೆಚ್ಚು ಲೇಖನಗಳನ್ನು ಪ್ರಕಟಿಸುವರೆಂಬುದನ್ನು ಆ ಅಂಕದಿಂದ ಮುಂದಾಗಿ ಹೇಳಲಾಗದೆಂದುವು. ಅಲ್ಲಿನ ಅನೇಕ ವಿಭಾಗಗಳು ಆ ಪರೀಕ್ಷೆಯನ್ನು ಕೇಳುವುದನ್ನೇ ನಿಲ್ಲಿಸಿದುವು. ೨೦೨೦ರ ಸಾಂಕ್ರಾಮಿಕದ ಬಳಿಕ ಇನ್ನೂ ಅನೇಕವು. ಇದರಲ್ಲಿ ಒಂದು ಸೂಕ್ಷ್ಮವಿದೆ. ಈ ಬಗೆಯ ಅಧ್ಯಯನಗಳು ನೋಡುವುದು ಒಳಗೆ ಸೇರಿದವರನ್ನು ಮಾತ್ರ. ಜರಡಿ ಹಿಡಿದು ನುಚ್ಚನ್ನು ಬೇರೆ ಮಾಡಿದ ಮೇಲೆ ಉಳಿದ ಅಕ್ಕಿಯನ್ನು ನೋಡಿ, ಕಾಳುಗಳೆಲ್ಲ ಹೆಚ್ಚುಕಡಮೆ ಒಂದೇ ಗಾತ್ರದವು, ಆದಕಾರಣ ಜರಡಿಯಿಂದ ಏನೂ ಆಗಲಿಲ್ಲವೆಂದರೆ ಅದು ಪೂರ್ತಿ ನ್ಯಾಯವಾಗದು. ಜರಡಿಯನ್ನು ಬಿಸಾಡಿದ ಮೇಲೆ ಅದರ ಜಾಗಕ್ಕೆ ಬರುವುದೇನು? ದೊಡ್ಡವರ ಶಿಫಾರಸು ಪತ್ರ, ಹೆಸರುವಾಸಿಯಾದ ಕಾಲೇಜಿನ ಮುದ್ರೆ, ನಯವಾಗಿ ಬರೆದ ಸ್ವಪರಿಚಯ. ಗಿರಣಿಯ ಯಜಮಾನನು ಆಗ ಮತ್ತೆ ಜಗಲಿಗೆ ಬಂದು, ಯಾರನ್ನು ಕಾಣಬೇಕೆಂದು ಕೇಳುವನು. ನನ್ನ ಹತ್ತಿರ ಉತ್ತರವಿರುವುದಿಲ್ಲ.

ಎರಡನೆಯ ವರ್ಷ ಹುಡುಗಿಯು ಮನೆಯಲ್ಲಿಯೇ ಓದಿದಳು. ಬೆಳಗ್ಗೆ ಗಿರಣಿಯ ಲೆಕ್ಕವನ್ನು ಬರೆದು, ಮಧ್ಯಾಹ್ನ ಹಳೆಯ ಪ್ರಶ್ನಪತ್ರಿಕೆಗಳನ್ನು ಬಿಡಿಸಿ, ಸಂಜೆ ನನ್ನಲ್ಲಿಗೆ ಗಣಿತಕ್ಕೆ ಬರುತ್ತಿದ್ದಳು. ಹಿಟ್ಟಿನ ಧೂಳು ಕೆಲವು ಸಲ ಅವಳ ಪುಸ್ತಕದ ಹಾಳೆಗಳ ನಡುವೆಯೂ ಇರುತ್ತಿತ್ತು. ತಂದೆಯು ಸಾಲದ ಕಂತನ್ನು ಒಂದು ವರ್ಷ ಮುಂದಕ್ಕೆ ಹಾಕಿಸಿಕೊಂಡನು. ಅದಕ್ಕೆ ಮಾತ್ರ ಒಬ್ಬರನ್ನು ಕಾಣಬೇಕಾಯಿತು. ಆ ವರ್ಷದ ಪರೀಕ್ಷೆಯಲ್ಲಿ ಅವಳು ಒಂಬತ್ತು ಪ್ರಶ್ನೆಗಳನ್ನು ಖಾಲಿ ಬಿಟ್ಟು ಬಂದಳು. ಹಾಗೆ ಬಿಡುವುದಕ್ಕೆ ಬರೆಯುವುದಕ್ಕಿಂತ ಹೆಚ್ಚು ಧೈರ್ಯ ಬೇಕಾಯಿತೆಂದು ಹೇಳಿದಳು. ಗೆರೆಯನ್ನು ದಾಟಿದಳು. ಅವಳು ಮೊದಲು ಬಯಸಿದ್ದ ಸಂಸ್ಥೆಯು ಆ ಸ್ಕೋರಿಗೆ ದೊರೆಯಲಿಲ್ಲ. ಕರಾವಳಿಯ ಇನ್ನೊಂದರಲ್ಲಿ ಮಣ್ಣಿನ ಶಾಸ್ತ್ರಕ್ಕೇ ಸ್ಥಾನ ಸಿಕ್ಕಿತು. ಯಾರನ್ನೂ ಕಾಣದೆ ಬಂದ ಆ ಪತ್ರದ ಪ್ರತಿಯನ್ನು ತಂದೆಯು ಗಿರಣಿಯ ಗೋಡೆಗೆ ಅಂಟಿಸಿದ್ದಾನೆ. ಹಿಟ್ಟು ಹಾಕಿಸಲು ಬಂದವರೆಲ್ಲರೂ ಅದನ್ನು ಓದಬೇಕು.

ಈ ಕಥೆಯು ಹೀಗೆ ಮುಗಿದುದರಿಂದ ಪರೀಕ್ಷೆಯು ಸರಿಯೆಂದು ಸಾಧಿಸಿದಂತಾಗಲಿಲ್ಲ. ಅವಳು ಎರಡನೆಯ ಸಲವೂ ಗೆರೆಯ ಕೆಳಗೇ ಉಳಿದಿದ್ದರೂ ಗುಡ್ಡವನ್ನು ಕಂಡು ಅವಳಿಗೆ ಆದ ಕಳವಳವು ನಿಜವಾದುದೇ ಆಗಿರುತ್ತಿತ್ತು. ಅಡಕೆಯ ಯಂತ್ರದ ತರುಣನ ಕಿವಿಯು ಇಂದಿಗೂ ನಿಜವಾದುದೇ. ಪರೀಕ್ಷೆಗೆ ನಮ್ಮ ಮಕ್ಕಳ ಗುರುತಿಲ್ಲ. ಗುರುತಿಲ್ಲದಿರುವುದೇ ಅದರ ಧರ್ಮ, ಅದನ್ನು ಅದು ಮಟ್ಟಿಗೆ ಸರಿಯಾಗಿ ನಡೆಯಿಸುತ್ತಿದೆ. ಗುರುತುಳ್ಳ ನಮ್ಮ ಧರ್ಮವು ಬೇರೆ. ಮಗುವನ್ನು ಇಪ್ಪತ್ತೆರಡು ವರ್ಷ ಕಣ್ಣೆದುರು ಕಂಡ ತಂದೆತಾಯಿಗಳು, ಮೂರು ಗಂಟೆ ಮಾತ್ರ ಕಂಡ ಯಂತ್ರದಿಂದ ಅದರ ಪರಿಚಯವನ್ನು ಕೇಳಿ ತಿಳಿಯಬೇಕಾಗಿಲ್ಲ.

ಕಡೆಯ ಮಾತೊಂದನ್ನು ಹೇಳಿ ಮುಗಿಸುವೆನು. ಗೇಟಿನ ಸ್ಕೋರಿಗೆ ಆಯುಸ್ಸು ಮೂರು ವರ್ಷ. ಅದಾದ ಮೇಲೆ ಅದು ನಡೆಯದ ನಾಣ್ಯ. ಕೊಟ್ಟವರೇ ಅದನ್ನು ಮಾನ್ಯ ಮಾಡುವುದಿಲ್ಲ. ಮನುಷ್ಯನು ಬೆಳೆಯುತ್ತಾನೆ, ಮರೆಯುತ್ತಾನೆ, ಬದಲಾಗುತ್ತಾನೆ, ಒಂದು ಮುಂಜಾನೆಯ ಅಳತೆಯು ಅದಕ್ಕೂ ಮುಂದಕ್ಕೆ ಸಲ್ಲದು ಎಂಬುದನ್ನು ಅಳೆದವರು ಒಪ್ಪಿಕೊಂಡು ಮುದ್ರೆಯೊತ್ತಿದ್ದಾರೆ. ನಮ್ಮ ಮನೆಗಳಲ್ಲಾದರೋ, ಎಂದೋ ಬಂದ ಅಂಕವನ್ನು ಮದುವೆಯ ಮಾತಿನಲ್ಲಿಯೂ ಅಣ್ಣತಮ್ಮಂದಿರ ಜಗಳದಲ್ಲಿಯೂ ಇಪ್ಪತ್ತು ವರ್ಷಗಳ ಮೇಲೆ ಎತ್ತಿ ಆಡುವವರಿದ್ದಾರೆ. ಮುಖ ನೋಡದ ಆ ಪರೀಕ್ಷಕನು ಮೂರು ವರ್ಷಕ್ಕೆ ಮರೆತುಬಿಡುವುದನ್ನು, ಮುಖ ನೋಡಿ ಬಲ್ಲ ನಾವು ಅದಕ್ಕೂ ಮೊದಲೇ ಮರೆಯಬಹುದಲ್ಲವೆ?